ಕರೆಂಟ್ ಹೋದರೆ ಬೆಂಕಿಯೂ ಹೋಗುವ ಮನೆ

2021ರ ಫೆಬ್ರವರಿ 15, ಸೋಮವಾರ. ರಾತ್ರಿ ಎರಡರ ಹೊತ್ತಿಗೆ, ಬಿಸಿ ಗಾಳಿ ಕೊಟ್ಟು ಮನೆ ಬೆಚ್ಚಗಿಡುವ, ಅಟ್ಟದಲ್ಲಿದ್ದ ಫರ್ನೇಸ್ ನಿಂತುಹೋಯಿತು. ಅದರ ಮೊರೆತಕ್ಕೆ ನಾವು ಎಷ್ಟು ಒಗ್ಗಿಹೋಗಿದ್ದೆವೆಂದರೆ, ಅದು ನಿಂತ ಕೂಡಲೇ ಮನೆಯಲ್ಲಿ ನಾಲ್ವರಿಗೂ ಎಚ್ಚರವಾಯಿತು. ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸ್‌ನ ಉತ್ತರಕ್ಕಿರುವ ನಮ್ಮ ಬಡಾವಣೆಯ ಬೀದಿದೀಪಗಳೆಲ್ಲ ಆರಿದ್ದವು. ನೆಲದ ಮೇಲೆ ಬಿದ್ದಿದ್ದ ಹಿಮದ ಮಂಕು ಬೆಳಕು ಬಿಟ್ಟರೆ ಹೊರಗೆ ಏನೂ ಕಾಣುತ್ತಿರಲಿಲ್ಲ. ಸರದಿಯ ಮೇಲೆ ಕರೆಂಟ್ ತೆಗೆಯಬಹುದೆಂದು ಸಂಜೆಯ ಸುದ್ದಿಯಲ್ಲಿ ಹೇಳಿದ್ದರು. ಅರ್ಧ ಗಂಟೆಯಲ್ಲಿ ಬಂದೀತು ಎಂದರು ಯಜಮಾನರು. ತೀರ್ಥಹಳ್ಳಿಯ ಕಡೆ ಹುಟ್ಟಿ ಬೆಳೆದ ನನಗೆ ಕರೆಂಟ್ ಹೋಗುವುದು ಹೊಸದೂ ಅಲ್ಲ, ಭಯದ ಸಂಗತಿಯೂ ಅಲ್ಲ. ಹೊದಿಕೆ ಎಳೆದುಕೊಂಡು ಮಲಗಿದೆ.

ಅದು ಮತ್ತೆ ಬಂದದ್ದು ಬುಧವಾರ ಸಂಜೆ.

ನಮ್ಮದು ಗ್ಯಾಸ್ ಫರ್ನೇಸ್. ಮನೆ ಕೊಳ್ಳುವಾಗ ಇದನ್ನು ಒಂದು ಅನುಕೂಲವೆಂದೇ ಎಣಿಸಿದ್ದೆವು. ಕರೆಂಟ್ ಹೋದರೂ ಗ್ಯಾಸ್ ಇರುತ್ತದೆ, ಚಳಿಗೆ ಹೆದರಬೇಕಾಗಿಲ್ಲ ಎಂಬುದು ನಮ್ಮ ಲೆಕ್ಕ. ಬೆಳಿಗ್ಗೆ ಏಣಿ ಇಳಿಸಿಕೊಂಡು ಅಟ್ಟ ಹತ್ತಿ ಟಾರ್ಚ್ ಬಿಟ್ಟು ನೋಡಿದೆ. ಹಳದಿ ಗ್ಯಾಸ್ ಪೈಪು ಇತ್ತು, ಅದರೊಳಗೆ ಗ್ಯಾಸೂ ಇತ್ತು. ಆದರೆ ಆ ಗ್ಯಾಸಿಗೆ ಕಿಡಿ ಹೊತ್ತಿಸುವುದು ವಿದ್ಯುತ್ತು, ಕವಾಟ ತೆರೆಯುವುದು ವಿದ್ಯುತ್ತು, ಹೊಗೆಯನ್ನು ಹೊರಗೆ ತಳ್ಳುವ ಸಣ್ಣ ಫ್ಯಾನಿಗೂ ಬಿಸಿ ಗಾಳಿಯನ್ನು ಕೋಣೆಗಳಿಗೆ ನೂಕುವ ದೊಡ್ಡ ಫ್ಯಾನಿಗೂ ಬೇಕಾದದ್ದು ವಿದ್ಯುತ್ತು. ಇಂಧನ ಮನೆಯೊಳಗೇ ಬಂದು ನಿಂತಿದೆ, ಬೆಂಕಿ ಮಾತ್ರ ಹೊತ್ತುವುದಿಲ್ಲ. ಆ ಕತ್ತಲ ಅಟ್ಟದಲ್ಲಿ ತಣ್ಣಗಿನ ತಗಡಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತಾಗ ನನಗೆ ಬಂದದ್ದು ಸಿಟ್ಟು. ಎಂಟು ವರ್ಷ ಈ ಮನೆಯಲ್ಲಿದ್ದರೂ ಒಂದು ದಿನ ಇದನ್ನು ಯಾರಿಗೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ.

ಅಮ್ಮನಿಗೆ ಫೋನ್ ಮಾಡಿದೆ. ನಮಗೆ ಬೆಳಗಿನ ಏಳು, ಅವರಿಗೆ ಸಂಜೆಯ ಆರೂವರೆ. ದೇವರಿಗೆ ದೀಪ ಹಚ್ಚಿ ಆಗತಾನೇ ಬಂದು ಕೂತಿದ್ದರು. ವಿಷಯ ಕೇಳಿ ಗಾಬರಿಯಾಗಲಿಲ್ಲ. "ಮನೆಯೆಲ್ಲ ಯಾಕೆ ಕಾಯಿಸಲು ನೋಡುತ್ತೀ ಪುಟ್ಟೀ? ಒಂದು ಸಣ್ಣ ಕೋಣೆ ಇಟ್ಟುಕೋ, ಬಾಕಿ ಬಾಗಿಲೆಲ್ಲ ಹಾಕು. ಮಕ್ಕಳನ್ನು ನಡುವೆ ಮಲಗಿಸಿಕೋ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಅಗ್ಗಿಷ್ಟಿಕೆ ಇಲ್ಲವೇ ಅಲ್ಲಿ? ಎರಡು ಕೆಂಡ ಹಾಕಿಟ್ಟರೆ ಆಯಿತಲ್ಲ" ಎಂದರು.

ಅಮ್ಮನ ಮೊದಲ ಮಾತು ನಮ್ಮನ್ನು ಉಳಿಸಿತು. ಎರಡನೆಯದು ಕೊಲ್ಲಬಹುದಾಗಿತ್ತು. ಇದನ್ನು ಹೇಳಲಿಕ್ಕೆಂದೇ ಈ ಬರಹ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೇನೆ.

ಹಿತ್ತಿಲಲ್ಲಿ ನಮ್ಮ ಇದ್ದಿಲ ಗ್ರಿಲ್ ಇತ್ತು. ಬೇಸಿಗೆಯಲ್ಲಿ ಮುಸುಕಿನ ಜೋಳ ಸುಡಲು ತಂದದ್ದು. ಅರ್ಧ ಚೀಲ ಇದ್ದಿಲೂ ಉಳಿದಿತ್ತು. ಅಮ್ಮ ಹೇಳಿದ್ದೇ ತಡ, ಅದನ್ನು ಹಿತ್ತಿಲ ಬಾಗಿಲವರೆಗೆ ಎಳೆದು ತಂದೆ. ಬಾಣಂತಿ ಕೋಣೆಯಲ್ಲಿ ಕೆಂಡದ ಬಟ್ಟಲು ಕಂಡು ಬೆಳೆದವಳಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ ನಮ್ಮೂರ ಮನೆ ಹೆಂಚಿನ ಮನೆ. ಹೆಂಚಿನ ಸಂದಿನಿಂದ, ಗೋಡೆಗೂ ಮಾಡಿಗೂ ನಡುವಿನ ತೆರಪಿನಿಂದ ಹಗಲೂ ರಾತ್ರಿ ಗಾಳಿ ಆಡುತ್ತದೆ. ಬಚ್ಚಲ ಒಲೆಯ ಹೊಗೆ ಹೊರಗೆ ಹೆಂಚಿನ ಮೇಲೆ ಸಾಲಾಗಿ ಏಳುವುದನ್ನು ತೋಟದಿಂದಲೇ ಕಾಣಬಹುದು. ಅಮೆರಿಕದ ಮನೆಯನ್ನು ಕಟ್ಟುವುದೇ ಗಾಳಿ ಆಡದಂತೆ. ಕಿಟಕಿ ಬಾಗಿಲುಗಳ ಅಂಚಿಗೆಲ್ಲ ರಬ್ಬರು, ಗೋಡೆಯೊಳಗೆ ಗಾಜಿನ ಹತ್ತಿ. ಇಂಥ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು, ಆಮೇಲೆ ನಿದ್ದೆ. ಆ ನಿದ್ದೆಯಿಂದ ಏಳುವುದಿಲ್ಲ. ಊರಿನಲ್ಲಿ ಸುಖವಾಗಿದ್ದ ರೂಢಿಯೊಂದು ಬೇರೆ ಗೋಡೆಗಳ ನಡುವೆ ವಿಷವಾಗುತ್ತದೆಂದು ನನಗೆ ಹೊಳೆದೇ ಇರಲಿಲ್ಲ.

ತಡೆದವರು ಯಜಮಾನರು. ಅಗ್ನಿಶಾಮಕ ದಳದವರ ಎಚ್ಚರಿಕೆ ಅವರ ಮೊಬೈಲಿಗೆ ಬಂದಿತ್ತು. ಆ ವಾರ ಹ್ಯೂಸ್ಟನ್ ಸುತ್ತಮುತ್ತ ನೂರಾರು ಜನ ಈ ಅನಿಲ ಕುಡಿದು ಆಸ್ಪತ್ರೆ ಸೇರಿದರು. ಕೆಲವರು ಮನೆಯೊಳಗೆ ಗ್ರಿಲ್ ಹಚ್ಚಿದ್ದರು, ಕೆಲವರು ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಕೂತಿದ್ದರು, ಇನ್ನು ಕೆಲವರು ಜನರೇಟರನ್ನು ಬಾಗಿಲ ಪಕ್ಕದಲ್ಲೇ ಇಟ್ಟಿದ್ದರು. ಅವರಲ್ಲಿ ನಮ್ಮಂತೆಯೇ ಬೆಚ್ಚಗಿನ ನಾಡುಗಳಿಂದ ಬಂದವರೂ ಇದ್ದರು. ಈ ಅನಿಲವನ್ನು ಪತ್ತೆ ಮಾಡುವ ಅಲಾರಂ ಸಾಮಾನ್ಯ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ, ಬ್ಯಾಟರಿಯಲ್ಲಿ ನಡೆಯುತ್ತದೆ. ಹೀಟರಿನ ಮಾತೆಲ್ಲ ಆಮೇಲೆ. ಇದನ್ನು ಓದುತ್ತಿರುವವರ ಮನೆಯಲ್ಲಿ ಅದಿಲ್ಲದಿದ್ದರೆ ಇವತ್ತೇ ತನ್ನಿ.

ಉಳಿದ ಎರಡೂವರೆ ದಿನದ ಕಥೆ ದೊಡ್ಡದಲ್ಲ. ಅಮ್ಮ ಹೇಳಿದ ಕೆಂಡದ ಬಟ್ಟಲಲ್ಲ, ಸೌದೆ ಉರಿಸುವ ಚಿಮಣಿಯ ಅಗ್ಗಿಷ್ಟಿಕೆಯೊಂದು ಹಾಲ್‌ನಲ್ಲಿ ಇದೆ, ಇಟ್ಟಿಗೆಯದು, ನೋಡಲು ಬಹಳ ಚಂದ. ಅಂಗಡಿಯಿಂದ ತಂದಿದ್ದ ಎರಡು ಕಟ್ಟು ಸೌದೆ ನಾಲ್ಕು ಗಂಟೆಗೆ ಮುಗಿಯಿತು. ಮುಂದೆ ಕೂತವರ ಮುಖ ಬಿಸಿಯಾದರೆ ಬೆನ್ನು ಕೊರೆಯುತ್ತಿತ್ತು. ತೆರೆದ ಅಗ್ಗಿಷ್ಟಿಕೆ ಉರಿಯಲು ಮನೆಯೊಳಗಿನ ಗಾಳಿಯನ್ನೇ ಎಳೆದುಕೊಂಡು ಚಿಮಣಿಯಲ್ಲಿ ಕಳಿಸುತ್ತದೆ, ಆ ಜಾಗಕ್ಕೆ ಹೊರಗಿನ ತಣ್ಣನೆಯ ಗಾಳಿ ಸಂದುಗೊಂದುಗಳಿಂದ ನುಗ್ಗುತ್ತದೆ. ಎರಡಂತಸ್ತು ಎತ್ತರದ ಆ ಹಾಲ್ ಬಿಟ್ಟು ಮಗಳ ಸಣ್ಣ ಕೋಣೆಗೆ ಹೋದೆವು. ಕಿಟಕಿಗೆ ರಜಾಯಿ ಹೊದಿಸಿ, ಬಾಗಿಲ ಕೆಳಗೆ ಟವೆಲ್ ಒತ್ತಿ, ಎರಡು ಹಾಸಿಗೆ ಜೋಡಿಸಿದೆವು. 16ರ ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ಮೈನಸ್ 19 ಡಿಗ್ರಿ ಸೆಲ್ಸಿಯಸ್. 1949ರ ನಂತರ ಇಲ್ಲಿ ಅಷ್ಟು ಚಳಿ ಬಿದ್ದದ್ದೇ ಇಲ್ಲವಂತೆ. ಹಾಲ್‌ನಲ್ಲಿ 5 ಡಿಗ್ರಿ ಇದ್ದಾಗ ನಾವಿದ್ದ ಕೋಣೆಯಲ್ಲಿ 11 ಇತ್ತು. ಆ ಆರು ಡಿಗ್ರಿಯ ವ್ಯತ್ಯಾಸ ನಾಲ್ಕು ಮೈಗಳ ಬಿಸಿಯಿಂದ ಮತ್ತು ಅಮ್ಮನ ಮಾತಿನಿಂದ ಬಂದದ್ದು. ನಳ್ಳಿಗಳನ್ನು ಸಣ್ಣಗೆ ಹನಿಯಲು ಬಿಟ್ಟಿದ್ದೆವು, ಸಿಂಕಿನ ಕೆಳಗಿನ ಬಾಗಿಲುಗಳನ್ನು ತೆರೆದಿಟ್ಟಿದ್ದೆವು, ಪೈಪು ಒಡೆಯಲಿಲ್ಲ. ಎದುರು ಮನೆಯವರದ್ದು ಒಡೆದು ಮಹಡಿಯಿಂದ ಮೆಟ್ಟಿಲಿನ ಮೇಲೆ ನೀರು ಹರಿಯಿತು. ಮೀಟರಿನ ಬಳಿ ನೀರು ನಿಲ್ಲಿಸುವ ಕೀಲಿ ಎಲ್ಲಿದೆ ಎಂದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಆಮೇಲೆ ತಿಳಿದ ಸಂಗತಿಗಳು ಇನ್ನೂ ಎದೆ ನಡುಗಿಸುವಂಥವು. ಟೆಕ್ಸಸ್‌ನ ಬಹುಭಾಗಕ್ಕೆ ಅದರದ್ದೇ ಪ್ರತ್ಯೇಕ ಗ್ರಿಡ್ (ವಿದ್ಯುತ್ ಜಾಲ), ಪಕ್ಕದ ರಾಜ್ಯಗಳಿಂದ ತರಿಸಿಕೊಳ್ಳಬಹುದಾದ ವಿದ್ಯುತ್ತು ಬಹಳ ಕಡಿಮೆ. 14ರ ಸಂಜೆ ಬೇಡಿಕೆ 69 ಸಾವಿರ ಮೆಗಾವಾಟ್ ದಾಟಿತು. ರಾತ್ರಿ ಸ್ಥಾವರಗಳು ಒಂದರ ಹಿಂದೊಂದು ನಿಂತವು. ಬೇಡಿಕೆಗೆ ಪೂರೈಕೆ ಸಾಲದೆ, 60 ಹರ್ಟ್ಸ್ ಇರಬೇಕಾದ ವಿದ್ಯುತ್ತಿನ ಆವರ್ತನ 59.302ಕ್ಕೆ ಇಳಿಯಿತು. ಇಡೀ ಗ್ರಿಡ್ ಕುಸಿದುಬೀಳಲು ಉಳಿದಿದ್ದ ಸಮಯ 4 ನಿಮಿಷ 37 ಸೆಕೆಂಡು. ಆಗ 20 ಸಾವಿರ ಮೆಗಾವಾಟ್‌ನಷ್ಟು ಹೊರೆಯನ್ನು ಕಡಿದುಹಾಕಿದರು. ಸುಮಾರು 45 ಲಕ್ಷ ಮನೆ ಅಂಗಡಿಗಳಿಗೆ ಕತ್ತಲಾಯಿತು. ಗ್ಯಾಸ್ ಬಾವಿಗಳಲ್ಲಿ ನೀರು ಹೆಪ್ಪುಗಟ್ಟಿ ಸರಬರಾಜು ಇಳಿದಿತ್ತು. ಗ್ಯಾಸನ್ನು ಒತ್ತಿ ಕಳಿಸುವ ಯಂತ್ರಗಳಲ್ಲಿ ಹಲವು ವಿದ್ಯುತ್ತಿನಲ್ಲಿ ನಡೆಯುವವು, ಹೊರೆ ಕಡಿಯುವಾಗ ಅವುಗಳ ಕರೆಂಟೂ ಹೋಯಿತು. ಗ್ಯಾಸ್ ಇಲ್ಲದೆ ವಿದ್ಯುತ್ ಸ್ಥಾವರ ನಿಂತಿತು, ವಿದ್ಯುತ್ ಇಲ್ಲದೆ ಗ್ಯಾಸ್ ನಿಂತಿತು. ನಮ್ಮ ಅಟ್ಟದಲ್ಲಿ ನಾನು ಕಂಡದ್ದೇ ಇಡೀ ರಾಜ್ಯದ ಅಳತೆಯಲ್ಲಿ ನಡೆದಿತ್ತು. ಸತ್ತವರ ಸಂಖ್ಯೆಯನ್ನು ರಾಜ್ಯದ ಆರೋಗ್ಯ ಇಲಾಖೆ 246 ಎಂದು ಲೆಕ್ಕ ಹಾಕಿತು. ಹೆಚ್ಚಿನವರು ಚಳಿಯಿಂದಲೇ ಸತ್ತರು, ತಮ್ಮ ಮನೆಗಳಲ್ಲೇ ಸತ್ತವರೂ ಅವರಲ್ಲಿದ್ದರು.

ಮಾರನೆಯ ವರ್ಷ ನಮ್ಮ ಹಳೆಯ ಫರ್ನೇಸ್, ಏಸಿ ಎರಡನ್ನೂ ಬದಲಿಸುವ ಕಾಲ ಬಂತು. ಮೂವರು ಬಂದು ನೋಡಿ ದರ ಬರೆದುಕೊಟ್ಟರು. ಮೂವರ ಮಾತೂ ಬಿಲ್ ಎಷ್ಟು ಇಳಿಯುತ್ತದೆ ಎಂಬುದರ ಸುತ್ತಲೇ. ನನ್ನದು ಒಂದೇ ಪ್ರಶ್ನೆ: ಕರೆಂಟ್ ಹೋದಾಗ ಇದು ಏನು ಮಾಡುತ್ತದೆ? ಇಬ್ಬರು ಮಾತು ಬೇರೆ ಕಡೆ ತಿರುಗಿಸಿದರು. ಮೂರನೆಯವರು, ವಯಸ್ಸಾದವರು, ಪೆನ್ನು ಕೆಳಗಿಟ್ಟು, "ಏನೂ ಮಾಡುವುದಿಲ್ಲ. ಅದಕ್ಕೆ ಬೇರೆ ವ್ಯವಸ್ಥೆ ಬೇಕು, ಕೂತು ಮಾತಾಡೋಣ" ಎಂದರು. ಕೆಲಸ ಅವರಿಗೇ ಕೊಟ್ಟೆವು.

ಹೀಟ್ ಪಂಪ್ ಎಂದರೆ ತಿರುಗುಮುರುಗಾದ ಏಸಿ. ಹೊರಗಿನ ತಣ್ಣನೆಯ ಗಾಳಿಯಲ್ಲೂ ಇರುವ ಶಾಖವನ್ನು ಹೀರಿ ಒಳಗೆ ತರುತ್ತದೆ. ಹೊಸದಾಗಿ ಶಾಖ ಹುಟ್ಟಿಸುವುದಿಲ್ಲ, ಇರುವುದನ್ನು ಸಾಗಿಸುತ್ತದೆ. ಹಾಗಾಗಿ ಒಂದು ಯೂನಿಟ್ ಕರೆಂಟಿಗೆ ಸಾಧಾರಣ ಚಳಿಯಲ್ಲಿ ಮೂರು ಯೂನಿಟ್‌ನಷ್ಟು ಶಾಖ ಕೊಡುತ್ತದೆ. ಕಾಯಿಲ್ ಕೆಂಪಾಗುವ ಹೀಟರ್ ಒಂದಕ್ಕೆ ಒಂದೇ ಕೊಡುವುದು. ಚಳಿ ಏರಿದಂತೆ ಪಂಪಿನ ಈ ಲಾಭ ಇಳಿಯುತ್ತದೆ. ಸಾಲದ್ದನ್ನು ತುಂಬಿಕೊಡಲು ಅದರೊಳಗೇ ಕಾಯಿಲ್ ಇಟ್ಟಿರುತ್ತಾರೆ, ಆ ಕಾಯಿಲ್ ಚಾಲೂ ಆದರೆ ಹತ್ತು ಕಿಲೋವಾಟ್ ಎಳೆಯುವುದು ಸಾಮಾನ್ಯ. ಲಕ್ಷಾಂತರ ಮನೆಗಳಲ್ಲಿ ಒಂದೇ ರಾತ್ರಿ ಕಾಯಿಲ್‌ಗಳು ಕೆಂಪಾದರೆ ಗ್ರಿಡ್ಡಿನ ಪಾಡು ಏನಾಗುತ್ತದೆಂದು ನಾವು ಕಂಡಾಗಿತ್ತು. ಕೊನೆಗೆ ಎರಡನ್ನೂ ಕೂಡಿಸಿದ ವ್ಯವಸ್ಥೆ ಹಾಕಿಸಿದೆವು. ಸಾಧಾರಣ ಚಳಿಗೆ ಹೀಟ್ ಪಂಪ್, ತೀರಾ ಕೊರೆಯುವ ದಿನಗಳಿಗೆ ಗ್ಯಾಸ್ ಫರ್ನೇಸ್. ಡಲ್ಲಾಸ್‌ನ ಚಳಿಗಾಲದ ಬಹುಪಾಲು ಪಂಪಿನಲ್ಲೇ ಕಳೆದುಹೋಗುತ್ತದೆ.

ಮುಂದಿನದು ಕರೆಂಟ್ ಇಲ್ಲದ ದಿನಗಳ ಮಾತು. ಇಲ್ಲಿ ನನ್ನ ಕಣ್ಣು ತೆರೆಸಿದ್ದು ಒಂದು ಸರಳ ಲೆಕ್ಕ. ಗೋಡೆಗೆ ಹಾಕುವ ದೊಡ್ಡ ಬ್ಯಾಟರಿಯೊಂದರಲ್ಲಿ 13.5 ಯೂನಿಟ್ ವಿದ್ಯುತ್ ಇರುತ್ತದೆ ಎಂದಿಟ್ಟುಕೊಳ್ಳಿ. ಅದಕ್ಕೆ 1,500 ವಾಟ್‌ನ ಸಾಮಾನ್ಯ ಹೀಟರ್ ಸಿಕ್ಕಿಸಿದರೆ ಒಂಬತ್ತು ಗಂಟೆಯಲ್ಲಿ ಬ್ಯಾಟರಿ ಖಾಲಿ, ಬೆಚ್ಚಗಾದದ್ದು ಒಂದು ಕೋಣೆ. ಅದೇ ಬ್ಯಾಟರಿಯಿಂದ ಗ್ಯಾಸ್ ಫರ್ನೇಸಿನ ಫ್ಯಾನನ್ನು ನಡೆಸಿದರೆ? ನಮ್ಮ ಫ್ಯಾನು, ಕವಾಟ, ಕಿಡಿ ಎಲ್ಲ ಸೇರಿ ಎಳೆಯುವುದು 600 ವಾಟ್. ಗಂಟೆಗೆ ಅರ್ಧ ಗಂಟೆ ಓಡಿದರೂ ಎರಡು ದಿನದ ಹತ್ತಿರ ಬರುತ್ತದೆ. ಆ 600 ವಾಟ್ ಹಿಂದೆ ಫರ್ನೇಸ್ ಕೊಡುವ ಶಾಖ ಇಲ್ಲಿಯ ಶಾಖದ ಅಳತೆಯಲ್ಲಿ ಗಂಟೆಗೆ 80 ಸಾವಿರ ಬಿಟಿಯು, ಅಂದರೆ ಸುಮಾರು 23 ಕಿಲೋವಾಟ್. ಕೂಡಿಟ್ಟ ವಿದ್ಯುತ್ತನ್ನು ಸುಟ್ಟು ಶಾಖ ಮಾಡುವುದಕ್ಕಿಂತ, ಬೇರೆ ಕಡೆಯ ಶಾಖವನ್ನು ನೂಕಲು ಅದನ್ನು ಬಳಸುವುದು ಎಷ್ಟೋ ಪಾಲು ಮೇಲು. ಇಷ್ಟು ತಿಳಿದ ಮೇಲೆ ಮನೆಗೆಲ್ಲ ಸಾಲುವ ಭಾರೀ ಜನರೇಟರಿನ ಆಸೆ ಬಿಟ್ಟುಹೋಯಿತು. ಎರಡು ಸಾವಿರ ವಾಟ್‌ನ, ಕೈಯಲ್ಲಿ ಎತ್ತಬಹುದಾದ ಇನ್ವರ್ಟರ್ ಜನರೇಟರ್ ಒಂದನ್ನು ತಂದೆವು. ಪೆಟ್ರೋಲಿನಲ್ಲೂ ಓಡುತ್ತದೆ, ಪ್ರೊಪೇನ್ ಸಿಲಿಂಡರಿನಲ್ಲೂ ಓಡುತ್ತದೆ. ಪೆಟ್ರೋಲ್ ತಿಂಗಳುಗಟ್ಟಲೆ ಇಟ್ಟರೆ ಕೆಡುತ್ತದೆ, ಪ್ರೊಪೇನ್ ಕೆಡುವುದಿಲ್ಲ. ನಮ್ಮದು ಸಿಲಿಂಡರಿನ ಮೇಲೆಯೇ ನಡೆಯುತ್ತದೆ, ಸಿಲಿಂಡರುಗಳು ಮನೆಯ ಹೊರಗೇ ಇರುತ್ತವೆ.

ಪಕ್ಕದ ಬೀದಿಯಲ್ಲಿ ಮಾಡಿನ ತುಂಬ ಸೋಲಾರ್ ಹಾಕಿಸಿದ ಕನ್ನಡದವರೇ ಒಬ್ಬರಿದ್ದಾರೆ. ಆ ಮೂರು ದಿನ ಅವರೂ ಕತ್ತಲಲ್ಲೇ ಇದ್ದರು. ಬ್ಯಾಟರಿ ಇಲ್ಲದ ಸೋಲಾರ್, ಗ್ರಿಡ್ ಸತ್ತಾಗ ತಾನೂ ಬಂದ್ ಆಗುವಂತೆಯೇ ಮಾಡಿರುತ್ತಾರೆ. ಕಾರಣ ಸರಿಯಾದದ್ದೇ. ಕಂಬದ ಮೇಲೆ ಕೆಲಸ ಮಾಡುತ್ತಿರುವವರಿಗೆ ನಮ್ಮ ಮಾಡಿನಿಂದ ಹೊರಟ ವಿದ್ಯುತ್ತು ಬಡಿಯಬಾರದು.

ಆ ಮಾತು ನನಗೆ ತೀರಾ ಹತ್ತಿರದ್ದು. ಊರಿನಲ್ಲಿ ಆಷಾಢದ ಗಾಳಿಮಳೆಗೆ ಮರ ಬಿದ್ದು ಲೈನ್ ಹರಿದರೆ ಮೂರು ದಿನ, ಕೆಲವೊಮ್ಮೆ ವಾರ ಕರೆಂಟ್ ಇರುತ್ತಿರಲಿಲ್ಲ. ಕೊನೆಗೊಂದು ಮಧ್ಯಾಹ್ನ ಲೈನ್‌ಮ್ಯಾನ್ ಬರುತ್ತಿದ್ದರು. ಇಂಬಳ ಹತ್ತಿದ ಕಾಲು, ಹೆಗಲಿಗೆ ಹಗ್ಗ, ಮೈಯಿಂದ ನೀರು ಸುರಿಯುತ್ತಿತ್ತು. ಅಪ್ಪ ಜಗಲಿಯಲ್ಲಿ ಕೂರಿಸಿ ಕಾಫಿ ಕೊಡಿಸಿದ ಮೇಲೆಯೇ ಕಂಬದ ಮಾತು. ಜನರೇಟರಿನ ವಯರನ್ನು ಮನೆಯ ಪ್ಲಗ್ಗಿಗೆ ಸುಮ್ಮನೆ ಸಿಕ್ಕಿಸಿಬಿಡುವವರು ಇಲ್ಲೂ ಇದ್ದಾರೆ, ಊರಲ್ಲೂ ಇದ್ದಾರೆ. ಹಾಗೆ ಹೊರಟ ವಿದ್ಯುತ್ತು ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಹಾದು ಸಾವಿರಾರು ವೋಲ್ಟ್ ಆಗುತ್ತದೆ. ಮೇಲೆ ಹತ್ತಿದವರು ಲೈನ್ ಸತ್ತಿದೆಯೆಂದು ನಂಬಿರುತ್ತಾರೆ. ಗ್ರಿಡ್ಡಿಗೂ ಜನರೇಟರಿಗೂ ಒಟ್ಟಿಗೆ ಸಂಬಂಧ ಆಗದಂತೆ ತಡೆಯುವ ಬದಲಾವಣೆ ಸ್ವಿಚ್ಚನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ. ಖರ್ಚಿನಲ್ಲಿ ಬೇರೆ ಎಲ್ಲಿ ಬೇಕಾದರೂ ಹಿಡಿತ ಮಾಡಿ, ಇಲ್ಲಿ ಬೇಡ.

ಮೊದಲ ಪರೀಕ್ಷೆಯ ದಿನ ನೆನಪಿದೆ. ನವೆಂಬರಿನ ಒಂದು ಭಾನುವಾರ ಜನರೇಟರನ್ನು ಮನೆಯಿಂದ ಇಪ್ಪತ್ತು ಅಡಿ ಆಚೆ ಇಟ್ಟು, ಹೊಗೆಯ ಬಾಯಿಯನ್ನು ಬೇಲಿಯ ಕಡೆ ತಿರುಗಿಸಿ, ಸ್ವಿಚ್ ಬದಲಿಸಿದೆವು. ಅಟ್ಟದಲ್ಲಿ ಸಣ್ಣ ಫ್ಯಾನ್ ಗುಂಯ್ ಎಂದಿತು, ಕಿಡಿ ಟಕಟಕ ಎಂದಿತು, ನೀಲಿ ಜ್ವಾಲೆ ಸಾಲಾಗಿ ಹತ್ತಿತು. ನಾಲ್ಕೈದು ಸೆಕೆಂಡಿನಲ್ಲಿ ಆರಿತು. ಮತ್ತೆ ಹತ್ತಿತು, ಮತ್ತೆ ಆರಿತು. ಮೂರನೆಯ ಸಲ ಆರಿದ ಮೇಲೆ ಯಂತ್ರ ತಾನಾಗಿ ಬೀಗ ಹಾಕಿಕೊಂಡಿತು. ಎಲೆಕ್ಟ್ರಿಷಿಯನ್ ಬಂದು ಪತ್ತೆ ಮಾಡಿದರು. ಜ್ವಾಲೆ ನಿಜವಾಗಿಯೂ ಹತ್ತಿದೆಯೇ ಎಂದು ನೋಡಲು ಫರ್ನೇಸ್ ಅದರ ಮೂಲಕ ತೀರಾ ಸಣ್ಣ ಪ್ರಮಾಣದ ವಿದ್ಯುತ್ ಹರಿಸುತ್ತದೆ. ನಮ್ಮ ಪುಟ್ಟ ಜನರೇಟರಿನಲ್ಲಿ ನ್ಯೂಟ್ರಲ್ಲಿಗೂ ಅರ್ಥಿಂಗ್‌ಗೂ ಸಂಪರ್ಕವಿರಲಿಲ್ಲ. ಆ ವಿದ್ಯುತ್ತಿಗೆ ಮರಳುವ ದಾರಿ ಸಿಗದೆ, ಬೆಂಕಿ ಕಣ್ಣೆದುರು ಉರಿಯುತ್ತಿದ್ದರೂ ಯಂತ್ರಕ್ಕೆ ಅದು ಕಾಣುತ್ತಿರಲಿಲ್ಲ. ಅವರು ಅದನ್ನು ಸರಿಪಡಿಸಿದ ಮೇಲೆ ನಿಲ್ಲದೆ ಓಡಿತು. ಮೈನಸ್ ಚಳಿಯ ಮಧ್ಯರಾತ್ರಿ ಇದು ಮೊದಲ ಸಲ ಗೊತ್ತಾಗಿದ್ದರೆ ಎಂದು ಈಗಲೂ ಯೋಚಿಸುತ್ತೇನೆ. ಪ್ರತಿ ನವೆಂಬರ್‌ನಲ್ಲಿ ಒಂದು ದಿನ ಬ್ರೇಕರ್ ಇಳಿಸಿ, ಎರಡು ಗಂಟೆ ಹೀಗೇ ಇರುತ್ತೇವೆ. ಮಗನಿಗೆ ಈಗ ಸ್ವಿಚ್ಚಿನ ಕ್ರಮ ಬಾಯಿಪಾಠ.

ಇಷ್ಟು ಮಾಡಿದ ಮೇಲೂ ಇದು ಗ್ಯಾಸ್ ಪೈಪನ್ನು ನಂಬಿದ ವ್ಯವಸ್ಥೆಯೇ. 2021ರಲ್ಲಿ ನಮ್ಮ ಬೀದಿಯ ಗ್ಯಾಸ್ ನಿಲ್ಲಲಿಲ್ಲ, ಹಾಗೆಂದು ಮುಂದೆಯೂ ನಿಲ್ಲುವುದಿಲ್ಲವೆಂದು ಹೇಳಲು ಬರುವುದಿಲ್ಲ. ಇಲ್ಲಿಯೇ ನಾನು ಊರಿನ ಬಚ್ಚಲು ಮನೆಗೆ ಮತ್ತೆ ಮತ್ತೆ ಮರಳುತ್ತೇನೆ. ಅಪ್ಪ ಮಾಡಿನ ಮೇಲೆ ಸೋಲಾರ್ ವಾಟರ್ ಹೀಟರ್ ಕೂರಿಸಿದಾಗ, ಹಂಡೆಯ ಒಲೆ ಒಡೆದು ಬಚ್ಚಲಿಗೆ ಟೈಲ್ಸ್ ಹಾಕೋಣ ಎಂದು ಎಲ್ಲರೂ ಹೇಳಿದ್ದರು. ಅಮ್ಮ ಒಪ್ಪಲಿಲ್ಲ. "ಜೂನ್ ಬಂದರೆ ಸೂರ್ಯ ಎಲ್ಲಿದ್ದಾನೆ?" ಎಂದು ಕೇಳಿದರು. ಬೇಸಿಗೆಯಲ್ಲಿ ಸೋಲಾರ್, ಮಳೆಗಾಲದಲ್ಲಿ ತಾಮ್ರದ ಹಂಡೆ. ಒಲೆಗೆ ಅಡಿಕೆ ಸೋಗೆ, ತೆಂಗಿನ ಸಿಪ್ಪೆ, ಒಣಗಿದ ಗರಿ, ಎಲ್ಲವೂ ತೋಟದಿಂದಲೇ ಬಂದವು, ಮೇ ತಿಂಗಳಿನಲ್ಲೇ ಕೊಟ್ಟಿಗೆಯ ಅಟ್ಟ ಸೇರಿದವು. ಒಲೆಯ ಮೇಲಿನ ಬಿದಿರಿನ ಗಳಕ್ಕೆ ಹಸಿ ಬಟ್ಟೆ ಹಾಕಿದರೆ ರಾತ್ರಿಯೊಳಗೆ ಒಣಗಿ ಹೊಗೆಯ ವಾಸನೆ ಹೊತ್ತು ಬರುತ್ತಿದ್ದವು. ಮನೆ ದೊಡ್ಡದಾದರೂ ಜುಲೈನ ಸಂಜೆ ಎಲ್ಲರೂ ಸೇರುತ್ತಿದ್ದದ್ದು ಆ ಒಲೆಯ ಮುಂದಿನ ನಾಲ್ಕಡಿ ಜಾಗದಲ್ಲಿ. ಅಮ್ಮ ಎರಡು ದಾರಿ ಇಟ್ಟುಕೊಂಡಿದ್ದರು, ಒಂದು ಕೆಡುವ ಕಾರಣಕ್ಕೆ ಇನ್ನೊಂದು ಕೆಡುತ್ತಿರಲಿಲ್ಲ. ಎಷ್ಟು ಹಣ ಸುರಿದರೂ ನಾನು ಇಲ್ಲಿ ಇನ್ನೂ ಆ ಸ್ಥಿತಿಗೆ ಬಂದಿಲ್ಲ.

ಹಾಗಾಗಿ ಈ ವರ್ಷ ಹಾಲ್‌ನ ಆ ಚಂದದ ಅಗ್ಗಿಷ್ಟಿಕೆಯ ಬಾಯಿಗೆ ಎರಕದ ಕಬ್ಬಿಣದ ಒಲೆಯೊಂದನ್ನು ಕೂರಿಸುವ ಮಾತು ನಡೆದಿದೆ. ಗಾಜಿನ ಬಾಗಿಲು ಹಾಕಿ ಉರಿಸುವಂಥದ್ದು. ಗಾಳಿ ಅಳತೆಯಲ್ಲಿ ಒಳಗೆ ಹೋಗುವುದರಿಂದ ಸೌದೆಯ ಶಾಖದಲ್ಲಿ ಮುಕ್ಕಾಲು ಪಾಲಿನವರೆಗೆ ಮನೆಗೇ ಸಿಗುತ್ತದೆ, ಕರೆಂಟ್ ಬೇಡ. ಚಿಮಣಿಯೊಳಗೆ ಮೇಲಿನವರೆಗೆ ಉಕ್ಕಿನ ಕೊಳವೆ ಇಳಿಸಬೇಕು, ವರ್ಷಕ್ಕೊಮ್ಮೆ ಮಸಿ ತೆಗೆಸಬೇಕು, ಒಂದು ವರ್ಷ ಒಣಗಿದ ಓಕ್ ಸೌದೆ ಬೇಕು. ಹೊಗೆ ಅಕ್ಕಪಕ್ಕದವರಿಗೆ ತೊಂದರೆಯಾಗುತ್ತದೆ ಎಂದು ಯಜಮಾನರಿಗೆ ಅಳುಕು. ಅವರ ಮಾತಿನಲ್ಲೂ ನ್ಯಾಯವಿದೆ, ಪಕ್ಕದ ಮನೆಯ ಮಗುವಿಗೆ ಉಬ್ಬಸವಿದೆ. ದಿನವೂ ಉರಿಸುವುದಿಲ್ಲ, ಕೆಟ್ಟ ದಿನಕ್ಕೆ ಮಾತ್ರ ಎಂಬಲ್ಲಿಗೆ ಸದ್ಯ ಬಂದು ನಿಂತಿದ್ದೇವೆ.

ಮಗಳು ಕಳೆದ ಆಗಸ್ಟಿನಿಂದ ಆಸ್ಟಿನ್‌ನಲ್ಲಿ ಓದುತ್ತಿದ್ದಾಳೆ. ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿ, ಅಡುಗೆಯಿಂದ ಹೀಟರಿನವರೆಗೆ ಎಲ್ಲವೂ ಕರೆಂಟಿನದ್ದು. ಬಾಡಿಗೆಯವರಿಗೆ ಜನರೇಟರ್ ಇಡಲು ಜಾಗವಿಲ್ಲ, ಸೌದೆಯ ಮಾತೇ ಇಲ್ಲ, ಹೀಟರ್ ಯಾವುದೆಂದು ಆರಿಸುವವರು ಮನೆಯ ಮಾಲೀಕರು. 2023ರ ಫೆಬ್ರವರಿ ಮೊದಲ ದಿನಗಳಲ್ಲಿ ಆ ಊರಿನಲ್ಲಿ ಮರಗಳ ಮೇಲೆ ಮಂಜುಗಡ್ಡೆ ಕಟ್ಟಿ, ಕೊಂಬೆಗಳು ಮುರಿದು ತಂತಿಗಳ ಮೇಲೆ ಬಿದ್ದು, ಹಲವರಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಆ ಸಲ ಗ್ರಿಡ್ಡಿನಲ್ಲಿ ವಿದ್ಯುತ್ತಿಗೆ ಕೊರತೆಯೇ ಇರಲಿಲ್ಲ. ನಮ್ಮೂರ ಆಷಾಢದ ಕಥೆಯೇ ಅದು, ಮಳೆಯ ಬದಲು ಮಂಜುಗಡ್ಡೆ.

ಅವಳನ್ನು ಬಿಟ್ಟುಬರಲು ಹೋದಾಗ ಕೊಟ್ಟದ್ದು ಇಷ್ಟು: ಮೈನಸ್ ಹತ್ತು ಡಿಗ್ರಿಗೆ ತಡೆಯುವ ಮಲಗುಚೀಲ, ತಲೆಗೆ ಕಟ್ಟುವ ಟಾರ್ಚ್, ಮೊಬೈಲ್ ಚಾರ್ಜ್ ಮಾಡುವ ಬ್ಯಾಟರಿ, ಇಪ್ಪತ್ತು ಲೀಟರ್ ನೀರಿನ ಕ್ಯಾನ್, ಅವಲಕ್ಕಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ. ಕೆಳಗಿನ ಮನೆಯವರು ಏನು ಉರಿಸುತ್ತಾರೋ ಗೊತ್ತಿಲ್ಲವಲ್ಲ. ಗ್ಯಾಸ್ ಸ್ಟವ್ ಇರುವ ಗೆಳತಿಯೊಬ್ಬಳ ಮನೆಗೆ ನಡೆದುಹೋಗುವ ದಾರಿಯನ್ನು ಕಾಗದದ ಮೇಲೆ ಬರೆದುಕೊಂಡಳು, ಮೊಬೈಲ್ ಸತ್ತರೂ ಇರಲಿ ಎಂದು. ಕೊನೆಗೆ ಚಳ್ಳಕೆರೆಯ ಕರಿ ಕಂಬಳಿ. 2021ರ ಆ ಎರಡೂವರೆ ದಿನ ಅವಳೂ ತಮ್ಮನೂ ಅದರೊಳಗೇ ಇದ್ದರು. ಚುಚ್ಚುತ್ತದೆ ಎಂದು ಆಗ ಗೊಣಗಿದ್ದಳು.

ಜನವರಿಯಲ್ಲಿ ಒಂದು ರಾತ್ರಿ ಅವಳ ಕಡೆ ಚಳಿ ಬಿದ್ದಿತ್ತು. ಫೋನ್ ಮಾಡಿ, ಕರೆಂಟ್ ಇದೆಯೇ ಎಂದು ಕೇಳಿದೆ.

"ಇದೆ ಅಮ್ಮ. ಸುಮ್ಮನೆ ಹೊದ್ದುಕೊಂಡಿದ್ದೇನೆ. ಇದಕ್ಕೆ ಇನ್ನೂ ಅಜ್ಜಿ ಮನೆಯ ಹೊಗೆಯ ವಾಸನೆ ಇದೆ."